ವಾದ್ಯವೃಂದವೂ ಕಾವ್ಯವಾಚನವೂ: ಕುಟುಂಬ ಕಚೇರಿಯ ಒಂದು ಪರಿಶೀಲನೆ

ಪಾಶ್ಚಾತ್ಯ ದೇಶಗಳ ದೊಡ್ಡ ನಗರಗಳಲ್ಲಿ ವಾದ್ಯವೃಂದಗಳು ವರ್ಷದಲ್ಲಿ ಕೆಲವು ದಿನಗಳನ್ನು ಮಕ್ಕಳಿಗೂ ಅವರ ಹಿರಿಯರಿಗೂ ಮೀಸಲಾಗಿಡುವುದು ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಲಂಡನ್ನಿನಲ್ಲಿ ರಾಬರ್ಟ್ ಮೇಯರ್ ೧೯೨೩ರಲ್ಲಿಯೂ, ನ್ಯೂಯಾರ್ಕಿನ ಫಿಲ್‌ಹಾರ್ಮೊನಿಕ್ ವೃಂದದ ಆಶ್ರಯದಲ್ಲಿ ಅರ್ನೆಸ್ಟ್ ಶೆಲ್ಲಿಂಗ್ ೧೯೨೪ರಲ್ಲಿಯೂ ಮೊದಲುಮಾಡಿದ ಕಚೇರಿಗಳು ಇವುಗಳಲ್ಲಿ ಹೆಸರಾದುವು. ಮೊದಮೊದಲು ಇವು ವಿವರಣೆಯಿಂದ ಕೂಡಿದ ವಾದನಗಳು ಮಾತ್ರವಾಗಿದ್ದುವು. ಬರಬರುತ್ತ ವೃಂದದ ಮುಂದೆ ಒಬ್ಬ ವಾಚಕನು ಬಂದು ನಿಂತನು, ಕಥೆ ಬಂದಿತು, ಕವಿತೆ ಬಂದಿತು, ಕುಣಿತ ಬಂದಿತು. ಈಚಿನ ದಶಕಗಳಲ್ಲಿ, ಇಂಥ ಸಭಾಮಂದಿರಗಳ ಬಾಗಿಲು ಯಾರಿಗೆ ಬಹುಕಾಲ ಮುಚ್ಚಿದ್ದಿತೋ ಅಂಥ ಜನಾಂಗಗಳ ರಚನೆಗಳನ್ನೂ ಇವುಗಳಲ್ಲಿ ಸೇರಿಸಿ, ಒಂದೇ ಸಂಜೆಯಲ್ಲಿ ನಾನಾ ಕಂಠಗಳು ಕೇಳಿಬರುವಂತೆ ಮಾಡಬೇಕೆಂಬ ಉದ್ದೇಶವೂ ಬೆಳೆದಿದೆ. ಉದ್ದೇಶವು ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಒಳ್ಳೆಯ ಕಾವ್ಯ ಹುಟ್ಟದು. ಒಳ್ಳೆಯ ಕಚೇರಿಯೂ ಹುಟ್ಟದು. ಮಾತು, ನಾದ, ನಡೆ ಈ ಮೂರೂ ಒಂದೆಡೆ ಸೇರಿದಾಗ ಯಾವುದು ಯಾವುದನ್ನು ಹೊತ್ತಿದೆ, ಯಾವುದು ಯಾವುದರ ಹೆಗಲ ಮೇಲೆ ಸುಮ್ಮನೆ ಕುಳಿತಿದೆ ಎಂಬುದನ್ನು ಕೃತಿಗಳನ್ನು ಬಿಡಿಸಿ ನೋಡಿಯೇ ನಿರ್ಣಯಿಸಬೇಕು.

ಈ ಮೂರರ ಕೂಟವು ಭಾರತೀಯರಿಗೆ ಹೊಸದಲ್ಲ. ದೇವಗಿರಿಯ ಯಾದವರ ಆಶ್ರಯದಲ್ಲಿ ೧೩ನೆಯ ಶತಮಾನದಲ್ಲಿ ಬಾಳಿದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಗೀತ, ವಾದ್ಯ, ನೃತ್ಯ ಮೂರನ್ನೂ ಸಂಗೀತವೆಂಬ ಒಂದೇ ಹೆಸರಿನಲ್ಲಿ ಅಡಗಿಸಿದ್ದಾನೆ. ವಾದ್ಯವು ಗೀತವನ್ನೂ ನೃತ್ಯವು ವಾದ್ಯವನ್ನೂ ಅನುಸರಿಸುವುದೆಂದು ಅವುಗಳ ಕ್ರಮವನ್ನೂ ಹೇಳಿದ್ದಾನೆ. ಪಾಶ್ಚಾತ್ಯ ವಾದ್ಯವೃಂದದ ಚರಿತ್ರೆಯಾದರೋ ಬೇರೆ ದಾರಿಯಲ್ಲಿ ನಡೆಯಿತು. ನೃತ್ಯದ ಗತಿಗಳಿಂದಲೂ ಚರ್ಚಿನ ಗೀತಗಳಿಂದಲೂ ರಂಗಭೂಮಿಯಿಂದಲೂ ಹುಟ್ಟಿದ ಆ ವೃಂದವು ೧೮ನೆಯ ಶತಮಾನದ ಕೊನೆಯ ಹೊತ್ತಿಗೆ ಮಾತಿನ ಹಂಗನ್ನು ತೊರೆದು, ಕುಣಿಯುವವರನ್ನು ಕೆಳಗಿಳಿಸಿ, ಕೇವಲ ನಾದದಿಂದಲೇ ಅರ್ಧ ಗಂಟೆಯ ಪ್ರಬಂಧವನ್ನು ಕಟ್ಟುವ ಶಕ್ತಿಯನ್ನು ಪಡೆಯಿತು. ಅದರ ಹಿರಿಮೆಯೂ ಅದೇ, ಕಷ್ಟವೂ ಅದೇ. ಮಾತಿಲ್ಲದ ಅರ್ಧ ಗಂಟೆಯನ್ನು ಏಳು ವರ್ಷದ ಮಗುವಿನ ಮುಂದಿಡುವುದು ಹೇಗೆ? ತೊರೆದ ಮಾತನ್ನು ಮತ್ತೆ ಕರೆತರುವ ಪ್ರಯತ್ನಗಳೆಲ್ಲ ಈ ಪ್ರಶ್ನೆಯಿಂದಲೇ ಹೊರಟಿವೆ.

ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಚಾರಕ್ಕೆ ಬಂದುದು ರಷ್ಯದ ಸೆರ್ಗೇಯ್ ಪ್ರೊಕೊಫಿಯೆವ್ ರಚಿಸಿದ 'ಪೀಟರ್ ಮತ್ತು ತೋಳ'. ಮಾಸ್ಕೋವಿನ ಕೇಂದ್ರ ಮಕ್ಕಳ ರಂಗಮಂದಿರದ ನಿರ್ದೇಶಕಿಯಾಗಿದ್ದ ನತಾಲಿಯಾ ಸಾಟ್ಸ್ ಅವರ ಕೋರಿಕೆಯ ಮೇರೆಗೆ ೧೯೩೬ರ ವಸಂತದಲ್ಲಿ ಹುಟ್ಟಿದ ಈ ಕೃತಿ ಅದೇ ವರ್ಷದ ಮೇ ತಿಂಗಳ ೨ರಂದು ಮೊದಲ ಬಾರಿ ಕೇಳಿಬಂದಿತು. ಅಂದು ದೊರೆತ ಸ್ವಾಗತವು ತಣ್ಣಗಿದ್ದಿತೆಂದು ರಚಕನೇ ಬೇಸರಪಟ್ಟುಕೊಂಡನು. ಮರುವರ್ಷವೇ ಸಾಟ್ಸ್ ಸೆರೆಗೆ ಸೇರಿದರು. ಕೃತಿಯಾದರೋ ಲೋಕವನ್ನೆಲ್ಲ ಸುತ್ತಿತು. ಕಥೆ ಬಲು ಸರಳ. ಅಜ್ಜನ ಮಾತು ಕೇಳದೆ ಹುಡುಗನೊಬ್ಬ ಬೇಲಿಯಾಚೆಗೆ ಹೋಗುವನು. ತೋಳ ಬಂದು ಬಾತುಕೋಳಿಯನ್ನು ನುಂಗುವುದು. ಹುಡುಗನು ಹಕ್ಕಿಯ ನೆರವಿನಿಂದ ತೋಳವನ್ನು ಹಗ್ಗದಲ್ಲಿ ಬಿಗಿದು ಬೇಟೆಗಾರರೊಡನೆ ಮೆರವಣಿಗೆಯಲ್ಲಿ ಸಾಗಿಸುವನು. ಪಾತ್ರಕ್ಕೊಂದು ವಾದ್ಯ: ಹುಡುಗನಿಗೆ ತಂತಿವಾದ್ಯಗಳ ಸಮೂಹ, ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನುಗಳು, ಬೇಟೆಗಾರರ ಕೋವಿಗೆ ಚರ್ಮವಾದ್ಯಗಳು.

ಸಾಹಿತ್ಯದ ಅಧ್ಯಾಪಕರು ಗಮನಿಸತಕ್ಕ ಸಂಗತಿಯೊಂದು ಈ ಕೃತಿಯ ಹುಟ್ಟಿನಲ್ಲಿಯೇ ಇದೆ. ಮೊದಲು ರಚಕನ ಕೈಗೆ ಬಂದ ಪಾಠವು ಪದ್ಯರೂಪದಲ್ಲಿದ್ದಿತು. ಅದು ಆಗ ಹೆಸರಾಗಿದ್ದ ಮಕ್ಕಳ ಲೇಖಕಿಯೊಬ್ಬರ ಬರಹ. ಪ್ರೊಕೊಫಿಯೆವ್ ಅದನ್ನು ಒಪ್ಪಲಿಲ್ಲ. ಪ್ರಾಸಬದ್ಧವಾದ ಸಾಲುಗಳನ್ನು ತೆಗೆದುಹಾಕಿ, ತಾನೇ ಕುಳಿತು, ಯಾವ ಅಲಂಕಾರವೂ ಇಲ್ಲದ ಗದ್ಯದಲ್ಲಿ ಕಥೆಯನ್ನು ಬರೆದನು. ಕಾವ್ಯದ ಮೇಲೆ ಅವನಿಗೆ ಅನಾದರವಿದ್ದಿತೆಂದು ಇದರಿಂದ ಊಹಿಸಬೇಕಾಗಿಲ್ಲ. ಪದ್ಯವೆಂಬುದು ತನ್ನ ಗತಿಯನ್ನು ತಾನೇ ತರುವ ವಸ್ತು. ಅದರ ಗಣಗಳು, ಪ್ರಾಸಗಳು, ಯತಿಗಳು ಕಿವಿಯಲ್ಲಿ ಒಂದು ತಾಳವನ್ನು ಹೂಡುವುವು. ಆ ತಾಳವು ಇನ್ನೂ ನಡೆಯುತ್ತಿರುವಾಗಲೇ ವಾದ್ಯವೃಂದವು ಬೇರೊಂದು ತಾಳವನ್ನೆತ್ತಿದರೆ ಕೇಳುವವನು ಎರಡು ಬಂಡಿಗಳಲ್ಲಿ ಕಾಲಿಟ್ಟವನಂತಾಗುವನು. ಗದ್ಯವು ಹಾಗಲ್ಲ, ಅದು ಹೇಳುವುದನ್ನು ಹೇಳಿ ಸರಿಯುವುದು, ಸರಿದ ಜಾಗದಲ್ಲಿ ನಾದಕ್ಕೆ ನೆಲ ದೊರೆಯುವುದು. ಪೀಟರನ ಕಥೆಯಲ್ಲಿ ವಾಚಕನ ವಾಕ್ಯಗಳು ಎಷ್ಟು ಗಿಡ್ಡವೋ ಅವುಗಳ ಹಿಂದೆ ಬರುವ ವಾದನವು ಅಷ್ಟು ತುಂಬಿದೆ. ಬೆಕ್ಕು ಮರವೇರಿತೆಂದು ಮಾತು ಒಂದೇ ವಾಕ್ಯದಲ್ಲಿ ಮುಗಿಸುವುದು. ಏರುವಾಗಿನ ಗಾಬರಿ, ಉಗುರಿನ ಪರಚು, ಕೊಂಬೆಯ ಮೇಲೆ ಕುಳಿತಮೇಲೆ ಬಂದ ಠೀವಿ ಇವೆಲ್ಲ ಕ್ಲಾರಿನೆಟ್ಟಿನ ಪಾಲು.

ಇಲ್ಲಿ ಕರ್ಣಾಟಕದ ಗಮಕಗೋಷ್ಠಿಯ ನೆನಪು ಬಾರದೆ ಇರದು. ಕುಮಾರವ್ಯಾಸನ ಭಾರತವನ್ನು ಓದುವ ಗೋಷ್ಠಿಯಲ್ಲಿ ಇಬ್ಬರು ಕುಳಿತಿರುವರು. ಗಮಕಿಯು ಭಾಮಿನೀ ಷಟ್ಪದಿಯನ್ನು ರಾಗದಲ್ಲಿ ವಾಚಿಸುವನು. ತಾಳದ ಕಟ್ಟು ಅವನಿಗಿಲ್ಲ, ಅರ್ಥದ ಕಟ್ಟು ಉಂಟು. ಆತನು ನಿಲ್ಲಿಸಿದೊಡನೆ ವ್ಯಾಖ್ಯಾನಕಾರನು ಅದನ್ನು ಬಿಡಿಸಿ ಹೇಳುವನು. ಪೀಟರನ ಕಥೆಯಲ್ಲಿಯೂ ಇಬ್ಬರೇ: ವೃಂದವೇ ಗಮಕಿ, ವಾಚಕನೇ ವ್ಯಾಖ್ಯಾನಕಾರ. ಆದರೆ ಕ್ರಮ ಮಾತ್ರ ತಲೆಕೆಳಗು. ಗಮಕಗೋಷ್ಠಿಯಲ್ಲಿ ಮೊದಲು ಕೇಳುವುದು, ಆಮೇಲೆ ತಿಳಿಯುವುದು. ಮಾಸ್ಕೋವಿನ ಕೃತಿಯಲ್ಲಿ ಮೊದಲು ತಿಳಿಯುವುದು, ಆಮೇಲೆ ಕೇಳುವುದು. ಈ ಭೇದವು ಸಣ್ಣದೆಂದು ತೋರಬಹುದು. ಆದರೆ ರಸಾನುಭವದ ದೃಷ್ಟಿಯಿಂದ ಇದೇ ಮುಖ್ಯ. ಅರ್ಥವನ್ನು ಮೊದಲೇ ಪಡೆದ ಕಿವಿ ನಾದದಲ್ಲಿ ಆ ಅರ್ಥವನ್ನು ಗುರುತಿಸುವ ಕೆಲಸದಲ್ಲಿ ತೊಡಗುವುದು. ಗುರುತು ಸಿಕ್ಕಿತೆಂದರೆ ತೃಪ್ತಿ. ನಾದವನ್ನು ಮೊದಲು ಕೇಳಿದ ಕಿವಿ ಅರ್ಥಕ್ಕಾಗಿ ಕಾಯುವುದು. ಕಾಯುವಾಗ ತಾನೇ ಒಂದೆರಡು ಅರ್ಥಗಳನ್ನು ಕಟ್ಟಿಕೊಳ್ಳುವುದು. ವ್ಯಾಖ್ಯಾನವು ಬಂದಾಗ ಅವುಗಳಲ್ಲಿ ಕೆಲವು ಬಿದ್ದುಹೋಗುವುವು, ಕೆಲವು ಉಳಿಯುವುವು. ವ್ಯಾಖ್ಯಾನಕಾರನು ಜಾಣನಾಗಿದ್ದರೆ ಬಿದ್ದುಹೋದುವುಗಳಿಗೂ ಒಂದು ಬೆಲೆಯನ್ನು ಕೊಡಬಲ್ಲನು.

ಪ್ರೊಕೊಫಿಯೆವ್ ಈ ಕೊರತೆಯನ್ನು ತಿಳಿಯದವನಲ್ಲ. ಕೃತಿಯ ಕೊನೆಯಲ್ಲಿ ಅವನು ಕೇಳುವವರನ್ನು ಮಾತಿನಿಂದ ಬಿಡಿಸಲು ಯತ್ನಿಸಿದ್ದಾನೆ. ಮೆರವಣಿಗೆಯಲ್ಲಿ ಎಲ್ಲ ವಾದ್ಯಗಳೂ ತಮ್ಮತಮ್ಮ ಪಲ್ಲವಿಗಳೊಡನೆ ಒಂದೊಂದಾಗಿ ಹಾದುಹೋಗುವುವು. ಇಷ್ಟು ಹೊತ್ತು ಕಥೆಯನ್ನು ಕೇಳಿದ ಮಗುವಿಗೆ ಈಗ ಯಾರು ಬಂದರೆಂದು ಹೇಳಬೇಕಾದುದಿಲ್ಲ. ಕಟ್ಟಕಡೆಗೆ ತೋಳದ ಹೊಟ್ಟೆಯೊಳಗಿಂದ ಓಬೋವಿನ ಧ್ವನಿ ಕೇಳಿಬರುವುದು. ನುಂಗಿಸಿಕೊಂಡ ಬಾತುಕೋಳಿ ಇನ್ನೂ ಜೀವಂತವಾಗಿದೆ. ವಾಚಕನು ಅದನ್ನು ಹೇಳುವನಾದರೂ ಆ ತೆಳ್ಳನೆಯ ಸ್ವರದಲ್ಲಿರುವ ದೈನ್ಯವು ಅವನ ಮಾತಿನಲ್ಲಿಲ್ಲ. ಎಲ್ಲರೂ ಗೆದ್ದೆವೆಂದು ಹಿಗ್ಗುತ್ತಿರುವಾಗ ಒಬ್ಬರ ಅಳಲು ಒಳಗೆ ಉಳಿದಿದೆಯೆಂಬುದು ಮಕ್ಕಳ ಕಥೆಗೆ ಮೀರಿದ ಭಾವ. ಮಕ್ಕಳು ಅದಕ್ಕೆ ನಗುವರು. ಪಕ್ಕದಲ್ಲಿ ಕುಳಿತ ತಾಯಿ ನಗದೆಯೂ ಇರಬಹುದು. ಕುಟುಂಬ ಕಚೇರಿಯೆಂಬ ಹೆಸರಿಗೆ ಅರ್ಥ ಬರುವುದು ಇಂಥ ಎಡೆಯಲ್ಲಿ.

ಆದರೂ ಒಂದು ಆಕ್ಷೇಪಣೆ ಉಳಿಯುವುದು. ನಾದಕ್ಕೆ ಕಥೆಯನ್ನು ಅಂಟಿಸುವುದೇ ತಪ್ಪೆಂದು ಹೇಳುವ ಪಕ್ಷವು ಬಲವಾದುದು. ಅದನ್ನು ಅತ್ಯಂತ ಚೆನ್ನಾಗಿ ಮಂಡಿಸಿದವನು ಲೆನರ್ಡ್ ಬರ್ನ್‌ಸ್ಟೈನ್. ೧೯೫೮ರ ಜನವರಿ ೧೮ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಅವನು ಮಕ್ಕಳಿಗಾಗಿ ನಡೆಸಿದ, ದೂರದರ್ಶನದಲ್ಲಿ ಪ್ರಸಾರವಾದ ಕಚೇರಿಯ ವಿಷಯವೇ ಸಂಗೀತದ ಅರ್ಥವೇನೆಂಬುದು. ೧೯೭೨ರವರೆಗೆ ನಡೆದ ಆ ಸಾಲಿನ ೫೩ ಕಚೇರಿಗಳಲ್ಲಿ ಇದೇ ಮೊದಲನೆಯದು. ಅಂದು ಅವನು ರಿಚರ್ಡ್ ಸ್ಟ್ರೌಸನ 'ಡಾನ್ ಕ್ವಿಕ್ಸೋಟ್' ಕೃತಿಯ ಒಂದು ಭಾಗಕ್ಕೆ, ಸೆರೆಯಲ್ಲಿ ಸಿಕ್ಕಿಬಿದ್ದ ಗೆಳೆಯನನ್ನು ಬಿಡಿಸಲು ಬರುವ ಮಹಾಪರಾಕ್ರಮಿಯೊಬ್ಬನ ಕಟ್ಟುಕಥೆಯನ್ನು ಹೇಳಿದನು. ಮಕ್ಕಳು ಅದನ್ನು ಒಪ್ಪಿ ಕೇಳಿದರು; ಪ್ರತಿಯೊಂದು ಸದ್ದೂ ಕಥೆಗೆ ಹೊಂದಿತು. ಆಮೇಲೆ ಆ ಕಥೆ ಸುಳ್ಳೆಂದೂ ರಚಕನ ಮನಸ್ಸಿನಲ್ಲಿದ್ದುದು ಸ್ಪೇನಿನ ಮುದಿ ವೀರನೆಂದೂ ತಿಳಿಸಿ, ಕುರಿಯ ಮಂದೆಯ ಮೇಲೆ ಅವನು ನಡೆಸಿದ ದಾಳಿಯ ಕಥೆಯನ್ನು ಹೇಳಿದನು. ಅದೂ ಹೊಂದಿತು. ಎರಡು ಕಥೆಗಳಿಗೂ ಹೊಂದುವ ನಾದವು ಯಾವ ಕಥೆಯದೂ ಅಲ್ಲವೆಂದು ಅವನ ಸಿದ್ಧಾಂತ.

ವಾದವು ಚತುರವಾಗಿದೆ, ಆದರೆ ಪೂರ್ತಿಯಾಗಿ ನಿಲ್ಲುವುದಿಲ್ಲ. ಒಂದೇ ಶ್ಲೋಕಕ್ಕೆ ಎರಡು ಅರ್ಥಗಳು ಹೊಂದಿದರೆ ಆ ಶ್ಲೋಕಕ್ಕೆ ಅರ್ಥವೇ ಇಲ್ಲವೆಂದು ಯಾವ ಆಲಂಕಾರಿಕನೂ ಹೇಳಲಾರನು. ಶ್ಲೇಷವೂ ಧ್ವನಿಯೂ ಅಂಥ ಹೊಂದಿಕೆಯಿಂದಲೇ ಹುಟ್ಟುವುವು. ಬರ್ನ್‌ಸ್ಟೈನನ ಪ್ರಯೋಗವು ತೋರಿಸುವುದು ಇಷ್ಟು: ಹೊರಗಿನಿಂದ ತಂದು ಸೇರಿಸಿದ ಕಥೆಯನ್ನು ಬದಲಾಯಿಸಬಹುದು. ಪೀಟರನ ಕೃತಿಯಲ್ಲಿ ಕಥೆಯನ್ನು ಬದಲಾಯಿಸಿ ನೋಡಲಿ. ಓಬೋ ತೋಳದ ಹೊಟ್ಟೆಯಲ್ಲಿ ಏಕೆ ಅಳುತ್ತಿದೆಯೆಂಬುದಕ್ಕೆ ಬೇರೊಂದು ಕಾರಣವನ್ನು ಕಟ್ಟುವುದು ಕಷ್ಟ. ಮಾತು ಮತ್ತು ನಾದ ಜೊತೆಯಾಗಿ ಹುಟ್ಟಿದ ಕೃತಿಗೂ, ಹುಟ್ಟಿದ ಮೇಲೆ ಜೊತೆಮಾಡಿದ ಕೃತಿಗೂ ಭೇದವುಂಟು. ಕಚೇರಿಗಳನ್ನು ಏರ್ಪಡಿಸುವವರು ಈ ಭೇದವನ್ನು ಮರೆಯುವುದೇ ಹೆಚ್ಚು.

ಜೊತೆಮಾಡಿದ ಕೃತಿಗೆ ಉದಾಹರಣೆ ಫ್ರಾನ್ಸಿನ ಸಾಂ-ಸಾನ್ಸ್ ರಚಿಸಿದ 'ಪ್ರಾಣಿಗಳ ಉತ್ಸವ'. ೧೮೮೬ರಲ್ಲಿ ರಚಿತವಾದ ಈ ೧೪ ಭಾಗಗಳ ವಿನೋದಕೃತಿ ತನ್ನ ಗಾಂಭೀರ್ಯಕ್ಕೆ ಕುಂದೆಂದು ಭಾವಿಸಿ, 'ಹಂಸ'ವೊಂದನ್ನುಳಿದು ಮಿಕ್ಕುದನ್ನು ತಾನು ಬದುಕಿರುವವರೆಗೆ ಅಚ್ಚುಮಾಡಿಸಗೊಡಲಿಲ್ಲ. ಅವನು ೧೯೨೧ರಲ್ಲಿ ತೀರಿಕೊಂಡನು. ಮರುವರ್ಷ ಕೃತಿ ಹೊರಬಂದಿತು. ಇದರಲ್ಲಿ ಆಮೆಗಳು ಆಫೆನ್‌ಬಾಖನ ಪ್ರಸಿದ್ಧವಾದ ಕುಣಿತದ ಧಾಟಿಯನ್ನೇ ಅತಿ ವಿಳಂಬದಲ್ಲಿ ಹಿಡಿಯುವುವು. ಬೆರ್ಲಿಯೋಜನು ಗಾಳಿಯ ದೇವಕನ್ಯೆಯರಿಗಾಗಿ ಬರೆದ ನರ್ತನವನ್ನು ಆನೆಯು ಡಬಲ್ ಬೇಸಿನ ಒಡಲಿನಲ್ಲಿ ಕುಣಿಯುವುದು. ಮಗುವಿಗೆ ಆಮೆ ಸಾಕು, ಆನೆ ಸಾಕು. ಮೂಲವನ್ನು ಬಲ್ಲ ಹಿರಿಯನಿಗೆ ಅದರಾಚೆಯ ಕುಚೋದ್ಯವೂ ಕೇಳುವುದು. ಆನಂದವರ್ಧನನ ಮಾತಿನಲ್ಲಿ ಹೇಳುವುದಾದರೆ ಒಬ್ಬರಿಗೆ ವಾಚ್ಯ, ಮತ್ತೊಬ್ಬರಿಗೆ ವ್ಯಂಗ್ಯ, ಪೀಠಗಳು ಅಕ್ಕಪಕ್ಕದಲ್ಲಿವೆ. ೧೯೪೯ರಲ್ಲಿ ಅಮೆರಿಕದ ಹಾಸ್ಯಕವಿ ಆಗ್ಡನ್ ನ್ಯಾಶ್ ಈ ಭಾಗಗಳಿಗೆ ಪದ್ಯಗಳನ್ನು ಬರೆದನು. ಪದ್ಯಗಳು ಜಾಣತನದಿಂದ ತುಂಬಿವೆ, ತೊಡಕೂ ಅದೇ. ಅವು ತಮ್ಮ ಪ್ರಾಸಗಳಿಂದಲೇ ನಗಿಸುವುವು. ನಗು ಮುಗಿಯುವ ಮೊದಲೇ ವಾದನವು ತೊಡಗಿ, ಅದರೊಳಗಿನ ಸೂಕ್ಷ್ಮವಾದ ನಗೆಗೆ ಕಿವಿಯಿಲ್ಲದಂತಾಗುವುದು. ಪ್ರೊಕೊಫಿಯೆವ್ ಪದ್ಯವನ್ನು ಏಕೆ ಬಿಟ್ಟನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ ರಚಿಸಿದ 'ಯುವಜನರಿಗೆ ವಾದ್ಯವೃಂದದ ಕೈಪಿಡಿ' ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಶಿಕ್ಷಣದ ಚಲಚ್ಚಿತ್ರವೊಂದಕ್ಕಾಗಿ ಬರೆದುದು. ೧೯೪೬ರ ಅಕ್ಟೋಬರ್ ೧೫ರಂದು ಲಿವರ್‌ಪೂಲಿನಲ್ಲಿ ಸಭೆಯ ಮುಂದೆ ಮೊದಲು ನುಡಿಸಲ್ಪಟ್ಟಿತು. ೧೭ನೆಯ ಶತಮಾನದ ಪರ್ಸೆಲನು ನಾಟಕವೊಂದಕ್ಕೆ ಬರೆದ ನರ್ತನಗತಿಯೊಂದನ್ನು ಹಿಡಿದು ೧೩ ಬಗೆಯಾಗಿ ವಿಸ್ತರಿಸಿ ಕೊನೆಗೆ ಎಲ್ಲ ವಾದ್ಯಗಳನ್ನೂ ಒಂದರ ಹಿಂದೊಂದು ಓಡಿಸಿ ಕೂಡಿಸುವ ರಚನೆ. ಎರಿಕ್ ಕ್ರೋಜಿಯರ್ ಬರೆದ ವಿವರಣೆಯನ್ನು ಓದಿಯೂ ನುಡಿಸಬಹುದು, ಓದದೆಯೂ ನುಡಿಸಬಹುದು. ಓದದಿದ್ದರೆ ಏನೂ ಕಳೆದುಹೋಗುವುದಿಲ್ಲವೆಂಬುದೇ ಆ ಮಾತುಗಳ ಸ್ಥಾನವನ್ನು ತಿಳಿಸುವುದು. ಅವು ಮನೆ ಕಟ್ಟುವಾಗಿನ ಸಾರುವೆ.

ಇದುವರೆಗಿನ ವಿಚಾರವು ಮಾತಿನ ಸ್ಥಾನಕ್ಕೆ ಸಂಬಂಧಿಸಿದುದು. ಯಾರ ಮಾತು, ಯಾರ ಕುಣಿತ ಎಂಬ ಪ್ರಶ್ನೆ ಇದಕ್ಕಿಂತ ಕಠಿನವಾದುದು. ಅಮೆರಿಕದ ವಾದ್ಯವೃಂದಗಳಲ್ಲಿ ಆಫ್ರಿಕಾ ಮೂಲದ ಜನರ ಕಂಠವು ಕೇಳಿಬಂದ ಬಗೆಯನ್ನು ಪರಿಶೀಲಿಸಿದರೆ ಇದು ಸ್ಪಷ್ಟವಾಗುವುದು. ವಿಲಿಯಂ ಗ್ರಾಂಟ್ ಸ್ಟಿಲ್ ೧೯೩೦ರಲ್ಲಿ ಬರೆದ 'ಆಫ್ರೋ-ಅಮೆರಿಕನ್ ಸಿಂಫನಿ'ಯನ್ನು ೧೯೩೧ರಲ್ಲಿ ಹೋವರ್ಡ್ ಹ್ಯಾನ್ಸನ್ ರಾಚೆಸ್ಟರಿನಲ್ಲಿ ನಡೆಸಿದನು. ಹಂಬಲ, ದುಃಖ, ವಿನೋದ, ಅಭೀಪ್ಸೆ ಎಂಬ ನಾಲ್ಕು ಭಾಗಗಳು. ಕರಿಯ ಜನರ 'ಬ್ಲೂಸ್' ಹಾಡಿನ ೧೨ ಆವರ್ತಗಳ ಕಟ್ಟನ್ನೇ ಮೊದಲ ಭಾಗವು ಆಧಾರವಾಗಿ ಪಡೆದಿದೆ. ಮೂರನೆಯದರಲ್ಲಿ ಅದುವರೆಗೆ ಸಿಂಫನಿಯ ಹೊಸ್ತಿಲು ತುಳಿಯದಿದ್ದ ಬ್ಯಾಂಜೊ ವಾದ್ಯವು ಕುಳಿತಿದೆ. ನಾಲ್ಕು ಭಾಗಗಳಿಗೂ ರಚಕನು ಪಾಲ್ ಲಾರೆನ್ಸ್ ಡನ್‌ಬಾರ್ ಕವಿಯ ಪದ್ಯಗಳಿಂದ ಒಂದೊಂದು ತುಣುಕನ್ನು ತಲೆಬರಹದಂತೆ ಕೊಟ್ಟಿದ್ದಾನೆ.

ಈ ತುಣುಕುಗಳ ಭಾಷೆಯನ್ನು ನೋಡಬೇಕು. ಡನ್‌ಬಾರನು (೧೮೭೨-೧೯೦೬) ದಾಸ್ಯದಲ್ಲಿ ಹುಟ್ಟಿದ ತಂದೆತಾಯಿಗಳ ಮಗ. ಅವನು ಎರಡು ಬಗೆಯ ಇಂಗ್ಲಿಷಿನಲ್ಲಿ ಬರೆದನು: ಒಂದು ತನ್ನ ಜನರ ಆಡುನುಡಿ, ಮತ್ತೊಂದು ಶಿಷ್ಟ ಗ್ರಾಂಥಿಕ ಭಾಷೆ. ಬಿಳಿಯ ವಾಚಕರು ಮೊದಲನೆಯದನ್ನು ಮೆಚ್ಚಿ ಎರಡನೆಯದನ್ನು ಕಡೆಗಣಿಸಿದರೆಂಬುದು ಅವನ ಬಾಳಿನ ನೋವು. ಸ್ಟಿಲ್ ಆರಿಸಿಕೊಂಡ ನಾಲ್ಕು ತುಣುಕುಗಳಲ್ಲಿ ಮೊದಲ ಮೂರು ಆಡುನುಡಿಯವು, ಕೊನೆಯದು ಶಿಷ್ಟಭಾಷೆಯದು. ಹಂಬಲವೂ ದುಃಖವೂ ವಿನೋದವೂ ಮನೆಯ ಮಾತಿನಲ್ಲಿ, ಅಭೀಪ್ಸೆಯು ಸಭೆಯ ಮಾತಿನಲ್ಲಿ. ಇದು ಆಕಸ್ಮಿಕವೆಂದು ನಂಬಲಾಗದು. ಕನ್ನಡದಲ್ಲಿ ರಾಜರತ್ನಂ ಅವರ 'ರತ್ನನ ಪದಗಳು' ಕುಡುಕನ ಬಾಯಿಂದ ಹೊರಟ ಆಡುನುಡಿಯಲ್ಲಿ ಎಂಥ ಎತ್ತರವನ್ನು ಮುಟ್ಟಿತೆಂಬುದನ್ನು ಬಲ್ಲವರಿಗೆ ಈ ವಿಭಾಗವು ಚರ್ಚೆಗೆ ಯೋಗ್ಯವಾಗಿ ತೋರುವುದು: ಏರುವ ಆಸೆಗೆ ಆಡುನುಡಿ ಸಾಲದೆಂದು ಸ್ಟಿಲ್ ಭಾವಿಸಿದನೇ, ಅಥವಾ ಎರಡು ಭಾಷೆಗಳೂ ಒಂದೇ ಜನಾಂಗದ ಆಸ್ತಿಯೆಂದು ಸಾರಿದನೇ? ನಾದವು ಎರಡನೆಯದರ ಕಡೆಗೆ ವಾಲುವುದು. ಏಕೆಂದರೆ ಕೊನೆಯ ಭಾಗವು ಮೊದಲಿನ ಮೂರು ಭಾಗಗಳಿಂದ ಮುಖ ತಿರುಗಿಸಿಕೊಳ್ಳುವುದಿಲ್ಲ. ಪ್ರಾರ್ಥನೆಯಂತೆ ನಿಧಾನವಾಗಿ ತೊಡಗಿ, ಆ ಜನರ ಗೀತದ ಬಣ್ಣವನ್ನು ಕೊನೆಯವರೆಗೂ ಉಳಿಸಿಕೊಂಡಿದೆ.

ಅಚ್ಚಿನಲ್ಲಿರುವ ಈ ಪದ್ಯಗಳನ್ನು ಕುಟುಂಬ ಕಚೇರಿಯಲ್ಲಿ ಗಟ್ಟಿಯಾಗಿ ಓದಬೇಕೇ? ಓದುವುದಾದರೆ ಆಡುನುಡಿಯ ಬನಿಯನ್ನು ಬಲ್ಲ ಬಾಯಿ ಬೇಕು. ಬಲ್ಲದ ಬಾಯಿಯಲ್ಲಿ ಅದು ಅಣಕವಾಗುವುದು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕುಣಿದ 'ಮಿನ್‌ಸ್ಟ್ರೆಲ್' ಆಟಗಳ ನೆನಪು ಅಮೆರಿಕದಲ್ಲಿ ಇನ್ನೂ ಆರಿಲ್ಲ. ಈ ನೆನಪು ಎಷ್ಟು ಒಳಗೆ ಹುದುಗಿದೆಯೆಂಬುದಕ್ಕೆ ಏರನ್ ಕೋಪ್ಲೆಂಡನ 'ಲಿಂಕನ್ ಚಿತ್ರ'ವನ್ನು ನೋಡಬಹುದು. ೧೯೪೨ರ ಮೇ ೧೪ರಂದು ಸಿನ್ಸಿನಾಟಿಯಲ್ಲಿ ಮೊದಲು ಕೇಳಿಬಂದ ಈ ಕೃತಿ ವಾಚಕನನ್ನು ಬಳಸುವ ರೀತಿ ಮೆಚ್ಚತಕ್ಕದ್ದು: ಮೊದಲು ಬಹಳ ಹೊತ್ತು ವೃಂದವೇ ನುಡಿಯುವುದು, ವಾಚಕನು ಎದ್ದು ಲಿಂಕನನ ಭಾಷಣ-ಪತ್ರಗಳ ಮಾತನ್ನು ಓದುವುದು ಆಮೇಲೆ. ಇಲ್ಲಿ ಗಮಕಗೋಷ್ಠಿಯ ಕ್ರಮವೇ ಇದೆ, ಮತ್ತು ಅದರ ಫಲವೂ ಇದೆ. ಆದರೆ ನಡುವಣ ಭಾಗದಲ್ಲಿ ಆ ಕಾಲದ ವಾತಾವರಣವನ್ನು ಚಿತ್ರಿಸಲು ಕೋಪ್ಲೆಂಡ್ ಎತ್ತಿಕೊಂಡುದು ಸ್ಟೀಫನ್ ಫಾಸ್ಟರನ ಕುದುರೆಪಂದ್ಯದ ಹಾಡನ್ನು. ಅದು ಮಸಿಮುಖದ ಆಟಗಳಿಗಾಗಿಯೇ ೧೮೫೦ರಲ್ಲಿ ಅಚ್ಚಾದ ಹಾಡು. ದಾಸ್ಯವನ್ನು ಅಳಿಸಿದವನ ಚಿತ್ರದಲ್ಲಿ ದಾಸರನ್ನು ಅಣಕಿಸಿದವರ ಧಾಟಿ! ರಚಕನಲ್ಲಿ ದುರುದ್ದೇಶವಿರಲಿಲ್ಲ, ಧಾಟಿಯು ಜನಪದದ ಉಲ್ಲಾಸವಾಗಿ ಅವನ ಕಿವಿಗೆ ಕೇಳಿತು. ಯಾರ ಉಲ್ಲಾಸವೆಂದು ಅವನು ವಿಚಾರಿಸಲಿಲ್ಲ, ಅಷ್ಟೇ.

ಫ್ಲಾರೆನ್ಸ್ ಪ್ರೈಸ್ ಅವರ ಕೃತಿಗಳ ಗತಿ ಇದಕ್ಕಿಂತ ಹೆಚ್ಚು ಪಾಠವನ್ನು ಕಲಿಸುವುದು. ೧೮೮೭ರಲ್ಲಿ ಆರ್ಕನ್ಸಾ ಸಂಸ್ಥಾನದ ಲಿಟ್ಲ್ ರಾಕಿನಲ್ಲಿ ಹುಟ್ಟಿದ ಈ ಮಹಿಳೆಯ ಮೊದಲ ಸಿಂಫನಿಯನ್ನು ಶಿಕಾಗೋ ವೃಂದವು ಫ್ರೆಡರಿಕ್ ಸ್ಟಾಕ್ ನಾಯಕತ್ವದಲ್ಲಿ ೧೯೩೩ರ ಜೂನ್ ೧೫ರಂದು ನುಡಿಸಿತು. ಆಫ್ರಿಕಾ ಮೂಲದ ಮಹಿಳೆಯೊಬ್ಬಳ ಸಿಂಫನಿಯನ್ನು ಆ ದೇಶದ ಪ್ರಮುಖ ವೃಂದವು ಎತ್ತಿಕೊಂಡುದು ಅದೇ ಮೊದಲು. ಆದರೆ ದಾರಿ ತೆರೆಯಿತೆಂದು ಹೇಳುವಂತಿಲ್ಲ. ೧೯೪೩ರಲ್ಲಿ ಬಾಸ್ಟನ್ ವೃಂದದ ನಾಯಕನಾಗಿದ್ದ ಕುಸೆವಿಟ್ಸ್ಕಿಗೆ ಬರೆದ ಕಾಗದದಲ್ಲಿ ಆಕೆ ತಾನು ಹೆಣ್ಣೆಂಬುದೂ ತನ್ನ ಜನಾಂಗವೂ ತನಗೆ ಎರಡು ಅಡಚಣೆಗಳಾಗಿವೆಯೆಂದು ಮೊದಲೇ ಹೇಳಿಕೊಂಡು, ತನ್ನ ಕೃತಿಗಳನ್ನು ಗುಣದಿಂದ ಮಾತ್ರ ಅಳೆಯಬೇಕೆಂದು ಕೇಳಿದಳು. ೧೯೫೩ರಲ್ಲಿ ತೀರಿಕೊಂಡ ಮೇಲೆ ಅವಳ ಹೆಸರು ಬಹುಮಟ್ಟಿಗೆ ಮಸಕಾಯಿತು. ೨೦೦೯ರಲ್ಲಿ ಇಲಿನಾಯ್ ಸಂಸ್ಥಾನದ ಸೇಂಟ್ ಆನ್ ಎಂಬ ಊರಿನ ಪಾಳುಬಿದ್ದ ಮನೆಯೊಂದರಲ್ಲಿ ಅವಳ ಹಸ್ತಪ್ರತಿಗಳು ರಾಶಿಯಾಗಿ ಸಿಕ್ಕಿದುವು. ತಾಳೆಗರಿಗಳನ್ನು ಅಟ್ಟದಿಂದ ಇಳಿಸಿದ ಕನ್ನಡದ ಸಂಪಾದಕರಿಗೆ ಈ ಬಗೆಯ ಸುದ್ದಿ ಅಪರಿಚಿತವಲ್ಲ.

ಆ ಮೊದಲ ಸಿಂಫನಿಯ ಮೂರನೆಯ ಭಾಗಕ್ಕೆ 'ಜೂಬಾ ನೃತ್ಯ'ವೆಂದು ಹೆಸರು. ಜೂಬಾ ಎಂಬುದು ದಾಸ್ಯದ ಕಾಲದಲ್ಲಿ ತೋಟಗಳಲ್ಲಿ ದುಡಿಯುತ್ತಿದ್ದವರ ಕುಣಿತ. ದಂಗೆಗೆ ಕರೆಯಾದೀತೆಂಬ ಭಯದಿಂದ ಒಡೆಯರು ಅನೇಕ ಕಡೆಗಳಲ್ಲಿ ಮದ್ದಳೆಗಳನ್ನು ನಿಷೇಧಿಸಿದ್ದರು. ಮದ್ದಳೆ ಕಿತ್ತುಕೊಂಡರೆ ಮೈ ಉಳಿದಿತ್ತು. ತೊಡೆ, ಎದೆ, ಅಂಗೈ, ಅಂಗಾಲುಗಳನ್ನೇ ಬಡಿದು ತಾಳವನ್ನು ಹುಟ್ಟಿಸಿದರು. ಪ್ರೈಸ್ ಈ ಮೈತಾಳವನ್ನು ತಂತಿವಾದ್ಯಗಳ ಬೆರಳಿಗೆ ಕೊಟ್ಟು, ಸಿಂಫನಿಯಲ್ಲಿ ವಿನೋದದ ಭಾಗವು ನಿಲ್ಲುವ ಎಡೆಯಲ್ಲಿ ನಿಲ್ಲಿಸಿದ್ದಾಳೆ. ಕೇಳಲು ಬಹು ಉಲ್ಲಾಸಕರವಾದ ಭಾಗ. ಆದುದರಿಂದಲೇ ಕುಟುಂಬ ಕಚೇರಿಗಳಿಗೆ ಇದೊಂದನ್ನೇ ಬಿಡಿಯಾಗಿ ಕಿತ್ತುಕೊಳ್ಳುವ ಆಸೆ ಹುಟ್ಟುವುದು. ನಾಲ್ಕು ನಿಮಿಷಕ್ಕಿಂತ ಹೆಚ್ಚಿಲ್ಲ, ಮಕ್ಕಳು ಚಪ್ಪಾಳೆ ತಟ್ಟಬಹುದು, ನರ್ತಕರು ಬಂದು ಕುಣಿಯಬಹುದು.

ವಿಮರ್ಶೆಯು ತಡೆಯಬೇಕಾದುದು ಇಲ್ಲಿ. ಈ ನೃತ್ಯದ ಹಿಂದಿನ ಭಾಗದಲ್ಲಿ ಹಿತ್ತಾಳೆಯ ವಾದ್ಯಗಳು ಒಂದು ಪ್ರಾರ್ಥನಾಗೀತವನ್ನು ಸಾವಕಾಶವಾಗಿ ನುಡಿಯುವುವು. ಉಳಿದ ವಾದ್ಯಗಳು ಸಭಿಕರಂತೆ ಅದಕ್ಕೆ ಉತ್ತರ ಕೊಡುವುವು. ಕುಣಿತವು ಆ ಪ್ರಾರ್ಥನೆಯ ಬೆನ್ನಿಗೆ ಬರುವುದರಿಂದ ಅದರ ಉಲ್ಲಾಸಕ್ಕೆ ಒಂದು ತೂಕವಿದೆ. ಬಿಡಿಯಾಗಿ ಕಿತ್ತಾಗ ತೂಕ ಹೋಗಿ ಉಲ್ಲಾಸ ಮಾತ್ರ ಉಳಿಯುವುದು. ಪ್ರಾರ್ಥಿಸಿ, ಶೋಕಿಸಿ, ವಿಚಾರಮಾಡಿ, ಕುಣಿದ ಜನರ ಪೈಕಿ ಕುಣಿಯುವವರು ಮಾತ್ರ ಸಭೆಗೆ ಬಂದಂತಾಗುವುದು. ಹೀಗೆ ಮಾಡಿದ ಕಚೇರಿಯು ಹೊಸ ಕಂಠವನ್ನು ಕೇಳಿಸಿತೆಂದು ಹೇಳಿಕೊಂಡರೂ, ಹಳೆಯ ಮಸಿಮುಖದ ಆಟವು ಆ ಜನರಿಗೆ ಯಾವ ಪಾತ್ರವನ್ನು ಕೊಟ್ಟಿದ್ದಿತೋ ಅದನ್ನೇ ಮತ್ತೆ ಕೊಟ್ಟಂತಾಯಿತು. ಎರಡನೆಯ ಭಾಗದಿಂದ ಪ್ರಾರ್ಥನೆಯ ಮೊದಲ ಸುತ್ತನ್ನಾದರೂ ನುಡಿಸಿ ಅನಂತರ ಕುಣಿತಕ್ಕೆ ಬಂದರೆ ಹೆಚ್ಚಾಗುವುದು ಕೆಲವು ನಿಮಿಷ ಮಾತ್ರ. ಮಕ್ಕಳು ಅಷ್ಟು ಹೊತ್ತು ಕೂಡಲಾರರೆಂಬ ನೆವವು ಮಕ್ಕಳನ್ನು ಕಾಣದವರದು. ೧೯೩೯ರ ಏಪ್ರಿಲ್ ೯ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಮೇರಿಯನ್ ಆಂಡರ್ಸನ್ ಹಾಡಿದಾಗ ಸುಮಾರು ೭೫,೦೦೦ ಜನ ಬಯಲಿನಲ್ಲಿ ಕೇಳಿದರು. ಅಂದಿನ ಹಾಡುಗಳಲ್ಲಿ ಪ್ರೈಸ್ ಹೊಂದಿಸಿದ ಭಕ್ತಿಗೀತವೂ ಒಂದು. ಆ ಜನಸಮೂಹದಲ್ಲಿ ಮಕ್ಕಳೂ ಇದ್ದರು.

ಕುಣಿತವು ನಾದದ ಮೇಲೆ ಹೊದಿಸಿದ ಚಿತ್ರವಾಗದೆ ನಾದದೊಡನೆ ಒಂದಾಗುವುದು ಹೇಗೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ಕರಾವಳಿಯ ಯಕ್ಷಗಾನದಲ್ಲಿ ಭಾಗವತನು ಪದವನ್ನು ಎತ್ತುವನು, ಮದ್ದಳೆ ಚೆಂಡೆಗಳು ಅದನ್ನು ಹಿಡಿಯುವುವು, ವೇಷಧಾರಿಯು ಕುಣಿಯುವನು; ಪದ ಮುಗಿದ ಮೇಲೆ ಅವನೇ ಮಾತಿನಲ್ಲಿ ಅರ್ಥ ಹೇಳುವನು. ಅಜ್ಜನಿಂದ ಮೊಮ್ಮಗನವರೆಗೆ ಮನೆಯೆಲ್ಲ ಚಾಪೆ ಹಾಸಿ ಬೆಳತನಕ ನೋಡುತ್ತಿದ್ದ ಈ ಆಟಕ್ಕಿಂತ ಕುಟುಂಬದ ಕಚೇರಿ 'ಇನ್ನಾವುದುಂಟು'? ಇಲ್ಲಿಯೂ ಕ್ರಮವು ಗಮಕದ್ದೇ: ನಾದ ಮೊದಲು, ಅರ್ಥ ಆಮೇಲೆ. ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿ ಅರ್ಥಗಾರಿಕೆಯ ಮಾತನ್ನು ತೆಗೆದುಬಿಟ್ಟರು. ಮಾತು ಹೋದುದರಿಂದ ಯಕ್ಷಗಾನವೇ ಹೋಯಿತೆಂದು ಆಕ್ಷೇಪಿಸಿದವರುಂಟು. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ, ಆದರೆ ಭಾಷೆಯರಿಯದ ನೋಟಕರ ಮುಂದೆ ಪದವೂ ಹೆಜ್ಜೆಯೂ ಎಷ್ಟನ್ನು ಹೊರಬಲ್ಲುವೆಂಬುದನ್ನು ಆ ಪ್ರಯೋಗಗಳೇ ತೋರಿಸಿದುವು. ಮಾತನ್ನು ತೆಗೆದಮೇಲೆ ಉಳಿದುದು ನಿಂತಿತೆಂಬುದು ಕಾರಂತರ ಗೆಲುವು.

ಪಾಶ್ಚಾತ್ಯ ವಾದ್ಯವೃಂದವು ಕನ್ನಡನಾಡಿಗೆ ಪೂರ್ತಿ ಹೊರಗಿನದೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯಲ್ಲಿ ಕರ್ಣಾಟಕ ವಾದ್ಯಗಳ ಜೊತೆಗೆ ಪಾಶ್ಚಾತ್ಯ ವೃಂದವೂ ಪೋಷಿತವಾಗಿದ್ದಿತು; ಜಯಚಾಮರಾಜ ಒಡೆಯರು ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯ ಮಾಡಿದುದು ಪ್ರಸಿದ್ಧವಾಗಿದೆ. ಹೀಗಿದ್ದರೂ ಕನ್ನಡ ಕಾವ್ಯವೂ ಆ ವೃಂದವೂ ಕೂಡಿದ ಕೃತಿಯೊಂದು ನೆಲೆಯಾಗಿ ನಿಲ್ಲಲಿಲ್ಲ. ಅಂಥದಕ್ಕೆ ಕೈಹಾಕುವವರು ಮೊದಲು ನೆನೆಯುವುದು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನೇ ಇರಬೇಕು. ರಾಬರ್ಟ್ ಬ್ರೌನಿಂಗ್ ೧೮೪೨ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕವಿತೆಯನ್ನು ಕನ್ನಡದ ಹಳ್ಳಿಯಲ್ಲಿ ನೆಲೆಗೊಳಿಸಿದ ಆ ಪದ್ಯವು ಮಕ್ಕಳ ಬಾಯಲ್ಲಿ ತಲೆಮಾರುಗಳಿಂದ ನಲಿದಿದೆ. ಆದರೆ ಅದರ ಓಟವೇ ವೃಂದದ ಕೆಲಸವನ್ನು ಮಾಡಿಬಿಟ್ಟಿದೆ. ಇಲಿಗಳ ದಂಡು ಹೊರಡುವ ಸಾಲುಗಳ ಹಿಂದೆ ಬೇರೆ ಮದ್ದಳೆಯನ್ನು ಬಾರಿಸಿದರೆ ಒಂದರ ಸದ್ದಿನಲ್ಲಿ ಮತ್ತೊಂದು ಮುಳುಗುವುದು.

ಮೂಲದ ಬ್ರೌನಿಂಗನ ಕವಿತೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಕೊಳಲಿನ ರಾಗ ಎಂಥದೆಂದು ಕವಿಯು ತಾನಾಗಿ ಹೆಚ್ಚು ಬಣ್ಣಿಸುವುದಿಲ್ಲ. ಬದುಕಿ ಉಳಿದ ಒಂದು ಇಲಿ ತನಗೆ ಕೇಳಿದುದನ್ನು ಹೇಳುವುದು: ಅದಕ್ಕೆ ಕೇಳಿದುದೆಲ್ಲ ತಿನಿಸಿನ ಸದ್ದು. ಕಾಲು ಕುಂಟಾದುದರಿಂದ ಹಿಂದೆ ಬಿದ್ದ ಒಬ್ಬ ಹುಡುಗನು ತನಗೆ ಕೇಳಿದುದನ್ನು ಹೇಳುವನು: ಅವನಿಗೆ ಕೇಳಿದುದು ತನ್ನ ಕಾಲು ವಾಸಿಯಾಗುವ ನಾಡಿನ ಕರೆ. ಒಂದೇ ಕೊಳಲು, ಎರಡು ಕಿವಿ. ವೃಂದವು ಆ ರಾಗವನ್ನು ನುಡಿಸಿಯೇಬಿಟ್ಟರೆ ಸಭೆಗೆ ಕೇಳುವುದು ಮೂರನೆಯದೊಂದು ರಾಗ. ಇಲಿಯದೂ ಅಲ್ಲದ, ಹುಡುಗನದೂ ಅಲ್ಲದ, ರಚಕನದು. ಈ ಕವಿತೆಗೆ ನಾದವನ್ನು ಹೊಂದಿಸುವವನು ಊರಿನ ಗದ್ದಲವನ್ನು ನುಡಿಸಲಿ, ಇಲಿಗಳ ಓಟವನ್ನೂ ನದಿಯ ಹರಿವನ್ನೂ ನುಡಿಸಲಿ. ಜೋಗಿಯು ಕೊಳಲನ್ನು ತುಟಿಗಿಟ್ಟ ಕ್ಷಣದಲ್ಲಿ ವಾದ್ಯಗಳನ್ನೆಲ್ಲ ಕೆಳಗಿಳಿಸಿ, ವಾಚಕನನ್ನೂ ನಿಲ್ಲಿಸಿ, ಕೆಲವು ಗಳಿಗೆ ಸಭೆಯನ್ನು ಮೌನದಲ್ಲಿ ಕೂಡಿಸುವುದು ಉಚಿತ.